ತಂಪನ್ನು ಕೂಡಿಡುವುದಕ್ಕೆ ಏನೆನ್ನೋಣ? (‘ಟನ್’, ‘ತಂಗಳು’, ‘ಹಗೇವು’)

ದುಬೈ, ದೋಹಾಗಳಲ್ಲಿ ದೊಡ್ಡ ಕಟ್ಟಡಗಳನ್ನು ತಣ್ಣಗಿಡುವ ಬಗೆಯನ್ನು ಕನ್ನಡದಲ್ಲಿ ವಿವರಿಸಲು ಕೂತಿದ್ದೇನೆ. ಒಂದು ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿ ಎಷ್ಟೋ ಕಡೆ ಒಂದೇ ಸ್ಥಾವರದಲ್ಲಿ ನೀರನ್ನು ತಣಿಸಿ, ಕೊಳವೆಗಳ ಮೂಲಕ ಇಡೀ ಬಡಾವಣೆಗೆ ಹರಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದಾಗ ಎಲ್ಲರಿಗೂ ಒಮ್ಮೆಗೇ ತಂಪು ಬೇಕು. ಹಾಗಾಗಿ ರಾತ್ರಿಯೇ ನೀರನ್ನು 4–5 ಡಿಗ್ರಿಗೆ ಇಳಿಸಿ ಭಾರಿ ತೊಟ್ಟಿಯಲ್ಲಿ ತುಂಬಿಡುತ್ತಾರೆ. ತಣ್ಣೀರು ಭಾರವಾದ್ದರಿಂದ ಅಡಿಯಲ್ಲಿ ನಿಲ್ಲುತ್ತದೆ. ಕಟ್ಟಡ ಸುತ್ತಿ ಬೆಚ್ಚಗಾಗಿ ಬಂದ ನೀರು ಅದರ ಮೇಲೆ. ಎರಡೂ ಒಂದೇ ತೊಟ್ಟಿಯಲ್ಲಿ, ನಡುವೆ ಗೋಡೆಯೇ ಬೇಕಿಲ್ಲ.

ಇದನ್ನು ‘ಉಷ್ಣಶಕ್ತಿ ಸಂಗ್ರಹ’ ಎಂದರೆ ಶಾಸ್ತ್ರಕ್ಕೆ ಸರಿ, ಆದರೆ ಓದಿದವರು ಬಿಸಿಯನ್ನು ಕೂಡಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ‘ಶೈತ್ಯಾಗಾರ’ವನ್ನು ಆಲೂಗಡ್ಡೆ, ಹಣ್ಣು ಆಗಲೇ ಹಿಡಿದುಕೊಂಡಿವೆ. ನಿನ್ನೆ ರಾತ್ರಿ ಮಾಡಿಟ್ಟು ಇಂದು ಬಳಸುವುದಕ್ಕೆ ನಮ್ಮಲ್ಲಿ ‘ತಂಗಳು’ ಎಂಬ ಮಾತಿದೆ, ಅದೂ ತಂಗಾಳಿ, ತಂಗದಿರಗಳಂತೆ ‘ತಣ್’ ಬೇರಿನದೇ. ಅರ್ಥ ಎಷ್ಟು ಚೆನ್ನಾಗಿ ಕೂಡುತ್ತದೆ! ಆದರೆ ಹಳಸಿದ್ದರ ವಾಸನೆ ಆ ಪದವನ್ನು ಬಿಡದು.

‘ಟನ್’ ಇನ್ನೊಂದು ತೊಡಕು. ‘ಒಂದೂವರೆ ಟನ್ ಎಸಿ’ ಎನ್ನುತ್ತೇವಲ್ಲ, ಅದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ತೂಕ. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜು 24 ಗಂಟೆಗಳಲ್ಲಿ ಕರಗುತ್ತಾ ಶಾಖ ಹೀರುವ ವೇಗವೇ ಒಂದು ಟನ್. ಈಗಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ತೊಟ್ಟಿಗಳನ್ನು ಇವತ್ತಿಗೂ ‘ಟನ್-ಗಂಟೆ’ಯಲ್ಲೇ (ಒಂದು ಟನ್ ಲೆಕ್ಕದಲ್ಲಿ ಒಂದು ಗಂಟೆ ಕೊಡುವಷ್ಟು ತಂಪು) ಅಳೆಯುತ್ತಾರೆ. ನೀರಿನ ಬದಲು ಮಂಜನ್ನೇ ಇಡುವ ತೊಟ್ಟಿಗಳೂ ಇವೆ: ಒಂದು ಕಿಲೋ ಮಂಜು ಕರಗಲು 334 ಕಿಲೋಜೂಲ್ ಬೇಕು, ಒಂದು ಕಿಲೋ ನೀರು 5ರಿಂದ 13 ಡಿಗ್ರಿಗೆ ಏರಲು ಅದರ ಹತ್ತನೇ ಒಂದು ಪಾಲು ಸಾಕು. ಹೀಗೆ ಬಿಸಿ ಏರದೆಯೇ ಕರಗುವುದಕ್ಕಷ್ಟೇ ಹೀರುವ ಶಾಖಕ್ಕೆ ಇರುವ ‘ಗುಪ್ತೋಷ್ಣ’ ನನಗೆ ಬಹಳ ಇಷ್ಟದ ಪದ. ಬದಲಿಸುವ ಅಗತ್ಯವೇ ಕಾಣದು.

ದಾರಿ ತೋರಿಸಿದ್ದು ಪರ್ಷಿಯನ್. ಇರಾನಿನ ಯಜ್ದ್, ಕೆರ್ಮಾನ್ ಸೀಮೆಯ ಮರುಭೂಮಿಯಲ್ಲಿ ಚಳಿಗಾಲದ ಮಂಜನ್ನು ಬೇಸಿಗೆಯವರೆಗೆ ಕಾಪಿಡುವ ಮಣ್ಣಿನ ಗುಮ್ಮಟಗಳಿದ್ದವು. ಹೆಸರು ‘ಯಖ್‌ಚಾಲ್’: ಯಖ್ ಎಂದರೆ ಮಂಜು, ಚಾಲ್ ಎಂದರೆ ಗುಂಡಿ. ಇವತ್ತು ಇರಾನಿನಲ್ಲಿ ಫ್ರಿಜ್ಜಿಗೂ ಅದೇ ಹೆಸರು. ಹಳೆಯ ಪದ ಹೊಸ ಯಂತ್ರಕ್ಕೆ ಸಲೀಸಾಗಿ ಒದಗಿಬಂತು.

ಗುಂಡಿಯಲ್ಲಿ ಕೂಡಿಡುವುದಕ್ಕೆ ನಮ್ಮಲ್ಲೂ ಪದವಿದೆ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದಡಿ ತುಂಬಿಡುವ ‘ಹಗೇವು’. ಯಖ್‌ಚಾಲಿಗೆ ‘ಮಂಜಿನ ಹಗೇವು’ ಎಂದು ಬರೆದುಬಿಟ್ಟಿದ್ದೇನೆ. ನೆಲದ ಮೇಲೆ ನಿಂತ ಈಗಿನ ತೊಟ್ಟಿಗೆ ‘ತಂಪುಕಣಜ’ ಸರಿಹೋದೀತೇ? ‘ತಂಪುಗಣಜ’ ಎನ್ನಬೇಕೇ? ಮತ್ತೆ, ಹಗೇವು ಎಂಬುದನ್ನು ಕಾಳಲ್ಲದೆ ಬೇರೆ ಏನಾದರೂ ಇಡುವ ಗುಂಡಿಗೂ ಬಳಸುವುದನ್ನು ಧಾರವಾಡ, ವಿಜಯಪುರದ ಕಡೆಯವರು ಕೇಳಿದ್ದೀರಾ? ತಿಳಿಸಿದರೆ ಬರಹ ಮುಂದುವರಿಸುತ್ತೇನೆ.