ಅಣ್ಣನ ಸೊಂಟಕ್ಕೊಂದು ಕತ್ತರಿಕಾಲು

ಪುಟ್ಟೀ, ಚಿಕ್ಕಪ್ಪ ಮಾತಾಡ್ತಾ ಇರೋದು. ಟೈಪ್ ಮಾಡುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಗ್ರೂಪಿನ ಬೇರೆಯವರು ಬೈಯಬೇಡಿ.

ಅಪ್ಪ ಬಚ್ಚಲ ಒಲೆಗೆ ಸೌದೆ ಕೊಯ್ದು ಸೊಂಟ ಹಿಡಿಸಿಕೊಂಡಿದ್ದಾರೆ, ಕಟ್ಟಿಗೆ ಇಟ್ಟು ಕೊಯ್ಯಲು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಕೊಡಲಾ ಅಂತ ಕೇಳಿದ್ದೆ ಅಲ್ವಾ? ಕಬ್ಬಿಣದ್ದು ಬೇಡ. ನಾನು ಮಾಡಿಸಿ ದುಡ್ಡು ಕಳೆದುಕೊಂಡಿದ್ದೇನೆ. ಎರಡನೇ ದಿನವೇ ಮರ ಕೊಯ್ಯುವ ಮಷೀನಿನ (ಚೈನ್ ಸಾ) ಚೈನು ಸ್ಟ್ಯಾಂಡಿನ ಆಂಗಲ್‌ಗೆ ತಾಗಿ ಕಿಡಿ ಹಾರಿತು, ಹಲ್ಲೆಲ್ಲ ಮೊಂಡು. ಮರದ್ದಾದರೆ ಚೈನು ತಾಗಿದರೂ ಒಂದು ಗೀರು ಬೀಳುತ್ತದೆ, ಅಷ್ಟೇ.

ಅಣ್ಣನ ಸೊಂಟ ಹೋಗಿದ್ದು ಕೊಯ್ದು ಅಲ್ಲ, ಬಗ್ಗಿ. ಕುಂಟೆಯನ್ನು, ಅಂದರೆ ಮರದ ದಿಮ್ಮಿಯನ್ನು, ನೆಲಕ್ಕೆ ಹಾಕಿ, ಒಂದು ಕಾಲಲ್ಲಿ ತುಳಿದುಕೊಂಡು, ಬಗ್ಗಿ ಕೊಯ್ಯುತ್ತಾನೆ. ಅದು ಉರುಳುತ್ತದೆ. ಚೈನು ಮಣ್ಣಿಗೆ ತಾಗುತ್ತದೆ. ಮಣ್ಣು ತಾಗಿದ ಚೈನು ಆಮೇಲೆ ಕೊಯ್ಯುವುದಿಲ್ಲ, ಸುಮ್ನೆ ಉಜ್ಜುತ್ತದೆ, ಅವನು ಇನ್ನೂ ಜಾಸ್ತಿ ಒತ್ತುತ್ತಾನೆ. ಕುಂಟೆ ಸೊಂಟದ ಎತ್ತರಕ್ಕೆ ಬಂದು ಅಲ್ಲಾಡದೆ ಕೂತರೆ ಸಾಕು.

ಹಳೇ ಕೊಟ್ಟಿಗೆಯ ಮಾಡು ಬಿಚ್ಚಿದಾಗಿನ ಪಕಾಸಿಗಳು, ಅಂದರೆ ಛಾವಣಿಯ ಓರೆ ಮರಗಳು, ನಿಮ್ಮ ಅಟ್ಟದಲ್ಲಿ ಬಿದ್ದಿವೆ, ನಾನೇ ನೋಡಿದ್ದೇನೆ. ಅದರಲ್ಲಿ ಮೂರೂವರೆ ಅಡಿಯ ನಾಲ್ಕು ತುಂಡು ಮಾಡಿಸು. ಎರಡೆರಡನ್ನು ಕತ್ತರಿ ಹಾಗೆ ಅಡ್ಡ ಇಟ್ಟು, ಮೇಲಿನ ತುದಿಯಿಂದ 14 ಇಂಚು ಕೆಳಗೆ ತೂತು ಕೊರೆದು ಅರ್ಧ ಇಂಚಿನ ಬೋಲ್ಟ್ ಹಾಕಬೇಕು. ನಡುವೆ ಕೂಡಿಸಬೇಡ, ಕುಂಟೆ ತೀರಾ ಕೆಳಗೆ ಕೂರುತ್ತದೆ. ಕಾಲುಗಳ ಮಧ್ಯೆ ನೆಲದಲ್ಲಿ 28 ಇಂಚು ಅಂತರ ಇರಲಿ. ಆಗ ಬೋಲ್ಟ್ ನೆಲದಿಂದ ಎರಡಡಿ ಮೇಲೆ ಬರುತ್ತದೆ, ಅದರ ಮೇಲೆ ಕವಲಲ್ಲಿ ಕುಂಟೆ ಕೂತರೆ ಅಣ್ಣನ ಎತ್ತರಕ್ಕೆ ಸರಿಹೋಗುತ್ತದೆ. ಇಂಥ ಎರಡು ಕತ್ತರಿ, ನಡುವೆ 15 ಇಂಚು ಬಿಟ್ಟು, ಕೆಳಗೆ ಎರಡೂ ಕಡೆ ಉದ್ದಕ್ಕೆ ಪಟ್ಟಿ ಹೊಡೆದು ಸೇರಿಸುವುದು. ಒಂದು ಓರೆ ಪಟ್ಟಿಯನ್ನೂ ಮರೆಯದೆ ಹೊಡೆಸು. ನನ್ನ ಮೊದಲನೆಯದಕ್ಕೆ ಓರೆ ಪಟ್ಟಿ ಇರಲಿಲ್ಲ, ಬೋಲ್ಟ್ ಬದಲು ಮೊಳೆ ಹೊಡೆದಿದ್ದೆ. ಹಲಸಿನ ಕುಂಟೆ ಇಟ್ಟ ತಕ್ಷಣ ಇಡೀ ಸಾಮಾನು ಕುಡಿದವರ ಹಾಗೆ ಪಕ್ಕಕ್ಕೆ ವಾಲಿ ನನ್ನ ಕಾಲ ಮೇಲೆ ಕೂತಿತು. ಹೆಬ್ಬೆರಳ ಉಗುರು ಹೋಗಿ ಮತ್ತೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ನಿನ್ನ ಚಿಕ್ಕಮ್ಮ ಇವತ್ತಿಗೂ ನೆನಪಿಸುತ್ತಾಳೆ.

ಈಗ ಮುಖ್ಯವಾದದ್ದು, ಅಪ್ಪನಿಗೂ ಕೇಳಿಸು. ಕೊಯ್ಯುವುದು ಕತ್ತರಿಯ ಹೊರಗೆ, ಕುಂಟೆಯ ತುದಿ ಗಾಳಿಯಲ್ಲಿ ಚಾಚಿಕೊಂಡಿರುವ ಕಡೆ. ಅಲ್ಲಿ ಕೊಯ್ದರೆ ತುಂಡು ತನ್ನ ಭಾರಕ್ಕೆ ಬಾಗಿ, ಸೀಳು ತಾನೇ ಬಾಯಿ ಬಿಟ್ಟುಕೊಳ್ಳುತ್ತದೆ. ಎರಡು ಕತ್ತರಿಯ ನಡುವೆ ಕೊಯ್ದರೆ ಉಲ್ಟಾ. ನಡು ಕುಸಿದು ಸೀಳಿನ ಬಾಯಿ ಮುಚ್ಚುತ್ತದೆ, ಚೈನು ಸುತ್ತುವ ಮಷೀನಿನ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬೆಣೆ ಹೊಡೆದು ಬಿಡಿಸುತ್ತಾ ಕೂರಬೇಕು.

ಕೊನೆಗೆ ಮೂರಡಿ ತುಂಡು ಉಳಿದಾಗ ಅರ್ಧ ಚಾಚಿದರೆ ಹಿಂದಿನ ತುದಿ ಮೇಲೇಳುತ್ತದೆ. ಅದಕ್ಕೆ ಹಳೇ ಸೈಕಲ್ ಟ್ಯೂಬ್ ಇದೆ. ಕುಂಟೆಯ ಹಿಂಬದಿಗೆ ಸುತ್ತಿ, ಜಗ್ಗಿ, ಕೆಳಗಿನ ಪಟ್ಟಿಯಲ್ಲಿ ಹೊಡೆದ ಗೂಟಕ್ಕೆ ಸಿಕ್ಕಿಸುವುದು. ಅದೇ ಪಟ್ಟಿಯಲ್ಲಿ ಒಂದು ಕೋಲನ್ನು ಒಂದೂವರೆ ಅಡಿ ಹೊರಗೆ ಚಾಚಿ ಹೊಡೆದಿದ್ದೇನೆ. ಕುಂಟೆಯ ತುದಿ ಅದರ ನೇರಕ್ಕೆ ಬಂದರೆ ಬಚ್ಚಲ ಒಲೆಯ ಅಳತೆ, ಪ್ರತಿ ಸಲ ಟೇಪ್ ಹಿಡಿಯುವ ಗೋಜಿಲ್ಲ. ಅಡಿಕೆ ಬೇಯಿಸುವ ಒಲೆಗೆ ಉದ್ದದ್ದೇ ಬೇಕು, ಅದಕ್ಕೆ ಬೇರೆ ಗುರುತು.

ಹೆಬ್ಬೆರಳು ದಪ್ಪದ ರೆಂಬೆಗಳನ್ನು ಒಂದೊಂದಾಗಿ ಇದರ ಮೇಲೆ ಇಟ್ಟು ಮಷೀನ್ ಹಿಡಿದರೆ ಚೈನು ಎಳೆದು ಬಿಸಾಡುತ್ತದೆ. ಅವಕ್ಕೆ ಕತ್ತಿಯೇ ಸರಿ.

ಒಡೆಯುವುದಕ್ಕೆ ಇನ್ನೊಂದು ಉಪಾಯ. ದಪ್ಪ ಕೊರಡಿನ ಮೇಲೆ ಹಳೇ ಕಾರಿನ ಟಯರ್ ಇಟ್ಟು ನಾಲ್ಕು ಮೊಳೆ ಹೊಡೆಸು. ತುಂಡನ್ನು ಟಯರ್ ಒಳಗೆ ನಿಲ್ಲಿಸಿ ಕೊಡಲಿ ಹಾಕಿದರೆ ಹೋಳುಗಳು ಅಂಗಳಕ್ಕೆಲ್ಲ ಹಾರುವುದಿಲ್ಲ, ಅಲ್ಲೇ ನಿಂತಿರುತ್ತವೆ. ಬಗ್ಗಿ ಹೆಕ್ಕುವ ಕೆಲಸ ಅರ್ಧಕ್ಕರ್ಧ ಕಡಿಮೆ. ಅಕೇಶಿಯಾವನ್ನು ಹಸಿ ಇರುವಾಗಲೇ ಒಡೆಯಬೇಕು. ಒಣಗಿದ ಮೇಲೆ ಕೊಡಲಿ ಟಣ್ ಅಂತ ವಾಪಸ್ ಬರುತ್ತದೆ.

ಹಾಂ, ಪಂಚೆ ಉಟ್ಟುಕೊಂಡು ಮಷೀನ್ ಹಿಡಿಯಬಾರದು ಅಂತ ಹೇಳು. ಮಷೀನಿನ ಪಟ್ಟಿಯ ಮೂಗು ಇನ್ನೊಂದು ಕಟ್ಟಿಗೆಗೆ ತಾಗಿದರೆ ಮಷೀನ್ ಎಗರಿ ಮುಖಕ್ಕೇ ಬರುತ್ತದೆ, ಅದಕ್ಕೇ ಸ್ಟ್ಯಾಂಡಿನ ಸುತ್ತ ಜಾಗ ಖಾಲಿ ಇರಬೇಕು. ನಾನು ಹೇಳಿದರೆ ಅಣ್ಣ ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾನೆ.

ಬೋಲ್ಟ್ ಎರಡು ನನ್ನ ಹತ್ತಿರವೇ ಇವೆ, ವಾಶರ್ ಸಮೇತ. ಭಾನುವಾರ ಡ್ರಿಲ್ ತಗೊಂಡು ಬರುತ್ತೇನೆ. ಪಕಾಸಿ ಇಳಿಸಿ ಇಟ್ಟಿರಲಿ, ಅದರಲ್ಲಿ ಹಳೇ ಮೊಳೆ ಇದ್ದರೆ ಕಿತ್ತಿಟ್ಟಿರಲಿ. ಅತ್ತಿಗೆಗೆ ಹೇಳು, ಊಟಕ್ಕೆ ಅಲ್ಲೇ.