ಅಪ್‌ಡೇಟ್: ಮಡಿಕೇರಿ ಮನೆಯ ಹೊಸ ಡಿಬಿ (ವಿದ್ಯುತ್ ಹಂಚಿಕೆ ಪೆಟ್ಟಿಗೆ) ಈಗ ಟ್ರಿಪ್ ಆಗುತ್ತಿಲ್ಲ

ಹಳೆಯ ಫ್ಯೂಸ್ ಬೋರ್ಡ್ ತೆಗೆಸಿ ಎಂಸಿಬಿ (ಫ್ಯೂಸ್ ಬದಲಿಗೆ ಬಳಸುವ, ತಾನೇ ಆಫ್ ಆಗುವ ಸ್ವಿಚ್) ಇರುವ ಡಿಬಿ ಹಾಕಿಸಿದ ಮೇಲೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಪದೇಪದೇ ಟ್ರಿಪ್ ಆಗುತ್ತಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ಕಾರಣ ಸಿಕ್ಕಿತು. ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿದ್ದರಿಂದ ಏನೂ ಆಗಲಿಲ್ಲ. 30 ಮಿಲಿಆಂಪಿಯರ್ ಸೋರಿಕೆಗೆ ಟ್ರಿಪ್ ಆಗುವ ಆರ್‌ಸಿಸಿಬಿ ಬದಲು 100 ಮಿಲಿಆಂಪಿಯರಿನದು ಹಾಕಿಸಿ ಎಂಬ ಸಲಹೆಯನ್ನು ಒಪ್ಪಲಿಲ್ಲ. ಶಾಕ್‌ನಿಂದ ಜೀವ ಕಾಯಲು 30ರದ್ದೇ ಬೇಕು.

ಫಲಿಸಿದ್ದು, ಒಂದೊಂದೇ ಸರ್ಕ್ಯೂಟಿನ ನ್ಯೂಟ್ರಲ್ (ಕರೆಂಟು ಮರಳುವ ತಂತಿ) ಬಿಚ್ಚಿ ಮೆಗ್ಗರ್‌ನಿಂದ (ತಂತಿಯ ಇನ್ಸುಲೇಷನ್ ಅಳೆಯುವ ಉಪಕರಣ) ಪರೀಕ್ಷಿಸಿ ಎಂದವರ ಮಾತು. ಗೀಸರ್ ಸಾಲಿನ ಹಳೆಯ ಜಂಕ್ಷನ್ ಬಾಕ್ಸಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ತಂತಿಗಳನ್ನು ಯಾರೋ ಮಹಾನುಭಾವರು ಒಟ್ಟಿಗೆ ಸುತ್ತಿಟ್ಟಿದ್ದರು, ಅದರಿಂದ ಕರೆಂಟು ಅರ್ತ್‌ಗೆ ಸೋರುತ್ತಿತ್ತು. ಫ್ಯೂಸ್ ಇಂಥ ಸೋರಿಕೆಯನ್ನು ಗುರುತಿಸದ ಕಾರಣ, ಅದು ಇದ್ದಷ್ಟು ಕಾಲ ಈ ತಪ್ಪು ಬಯಲಾಗುವಂತೆಯೇ ಇರಲಿಲ್ಲ. ಬೇರ್ಪಡಿಸಿದ ಮೇಲೆ ಟ್ರಿಪ್ ಆಗಿಲ್ಲ.

ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು ಎಂಬುದು ನನಗೆ ಹೊಸ ವಿಷಯ. ಲೈಸೆನ್ಸ್ ಇರುವ ಗುತ್ತಿಗೆದಾರರು ಟೆಸ್ಟ್ ರಿಪೋರ್ಟನ್ನೂ ಬರೆದುಕೊಟ್ಟಿದ್ದಾರೆ.