ತಾಮ್ರದ ಹಳೇ ನಾಣ್ಯದ ಮೇಲಿನ ಹಸಿರು: ತೆಗೀಬೇಕೋ, ಬಿಡಬೇಕೋ?

ಗಂಗಾವತಿ_ಕಾಸು
ನಮಸ್ಕಾರ್ರಿ. ಮನೆಯ ಹಳೇ ಸಂಗ್ರಹದಾಗ 14 ತಾಮ್ರದ ನಾಣ್ಯ ಅದಾವ. ಎಲ್ಲಾ ಸಣ್ಣವು, 3 ಗ್ರಾಂ ಆಸುಪಾಸು. ಒಂದರ ಮೇಲೆ ಆನೆ ಕಾಣತೈತಿ, ಹಿಂದೆ ಅಕ್ಷರ ಇದ್ದಂಗದಾವ, ಓದಾಕ ಬರವಲ್ಲವು. ಹತ್ತರ ಮೇಲೆ ಕಡುಹಸಿರು, ಉಗುರಿಗೆ ಬರದಷ್ಟು ಗಟ್ಟಿ. ನಾಲ್ಕರ ಮೇಲೆ ತಿಳಿಹಸಿರು ಪುಡಿ. ಒರೆಸಿದ್ರ ಹೋಗತೈತಿ, ಮಳೆಗಾಲ ಬಂತಂದ್ರ ಮತ್ತ ಬರತೈತಿ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಲೇನ್ರಿ? ಕಪ್ಪಾದ ಚಾರ್‌ಮಿನಾರ್ ಬೆಳ್ಳಿ ರೂಪಾಯಿನೂ ಎರಡು ಅದಾವ.

ಎರೆಮಣ್ಣು
ಹುಣಸೆಹಣ್ಣು ಬ್ಯಾಡ್ರಿ, ಉಪ್ಪಂತೂ ಸುತಾರಾಂ ಬ್ಯಾಡ. ಹುಳಿ ಬರೀ ಹಸಿರು ತಿಂದು ಸುಮ್ಮನಾಗಂಗಿಲ್ಲ, ಕೆಳಗಿನ ಕೆಂಪು-ಕಂದು ಪದರಾನೂ ತಿಂತೈತಿ. ಆನೆ, ಅಕ್ಷರ ಉಳಿದಿರೋದೇ ಆ ಪದರದಾಗ. ಅದು ಹೋದ್ರ ಕೈಗೆ ಸಿಗೋದು ಗುಂಡಿ ಬಿದ್ದ ಗುಲಾಬಿ ತಾಮ್ರ.

ಉಪ್ಪಂದ್ರ ಕ್ಲೋರೈಡ್. ನಿಮ್ಮ ನಾಲ್ಕು ನಾಣ್ಯಕ್ಕ ಹತ್ತಿರೋ ರೋಗಾನೂ ಅದೇ. ಸವಳು ಮಣ್ಣಾಗ ಬಿದ್ದಿದ್ದ ತಾಮ್ರದೊಳಗ ಕ್ಲೋರೈಡ್ ಇಳಿದಿರತೈತಿ. ಗಂಗಾವತಿ, ಸಿಂಧನೂರು ಕಡೆ ಸವಳು ಜಮೀನು ನಮಗೆಲ್ಲಾ ಗೊತ್ತಿರೋದೇ. ಥಂಡಿ, ಗಾಳಿ ತಾಗಿದ ಕೂಡಲೇ ಆ ಕ್ಲೋರೈಡ್ ತಿಳಿಹಸಿರು ಪುಡಿ ಆಗತೈತಿ, ಜೋಡಿಗೆ ಆಮ್ಲ ಹುಟ್ಟತೈತಿ. ಆ ಆಮ್ಲ ಮತ್ತ ತಾಮ್ರ ತಿಂತೈತಿ. ಮ್ಯಾಲೆ ಒರೆಸಿದ್ರ ನಿಲ್ಲಂಗಿಲ್ಲ ಅನ್ನೋದು ಇದಕ್ಕ. ಗಟ್ಟಿ ಕಡುಹಸಿರು ಹಂಗಲ್ಲ. ಅದು ಲೋಹಕ್ಕ ಹೊದಿಕೆ. ಅಕ್ಷರ ಓದಾಕ ಬಂದ್ರ ಆ ಹಸಿರು ಮುಟ್ಟಬ್ಯಾಡ್ರಿ.

ತಾಮ್ರದಕಾಸು
ಕೈ ಹಾಕುವ ಮೊದಲು ಪ್ರತಿ ನಾಣ್ಯದ ಎರಡೂ ಬದಿ ಫೋಟೋ ತೆಗೆದು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ ಬರೆದಿಡಿ.

ಕ್ಲೋರೈಡ್ ಹೊರಗೆ ಬರಲು ನಾಣ್ಯ ನೆನೆಸಬೇಕು, ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಆಸಿಡ್ ಕ್ಯಾನ್ ಪಕ್ಕದಲ್ಲೇ ಇಟ್ಟಿರುತ್ತಾರೆ, ಲೇಬಲ್ ಓದಿ ತನ್ನಿ. ಬೋರ್ ನೀರಲ್ಲೂ ನಲ್ಲಿ ನೀರಲ್ಲೂ ಕ್ಲೋರೈಡ್ ಇರುತ್ತದೆ. ಒಂದು ನಾಣ್ಯಕ್ಕೆ ಒಂದು ಗಾಜಿನ ಬಟ್ಟಲು, 50 ಮಿ.ಲೀ. ನೀರು. ಮೊದಲ ವಾರ ದಿನಾ ಬದಲಿಸಿ, ಆಮೇಲೆ ಮೂರು ದಿನಕ್ಕೊಮ್ಮೆ, ಒಟ್ಟು 3-4 ವಾರ.

ಹಸಿ ಇರುವಾಗಲೇ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಮಣ್ಣಿನ ಹೆಕ್ಕಳ ಬಿಡಿಸಿ. ಸೂಜಿ, ಬ್ಲೇಡು, ಸ್ಟೀಲ್ ಜುಂಗು ಬೇಡ. ಅದಕ್ಕೆ ನಮ್ಮ ಬಳ್ಳಾರಿ ಜಾಲಿ ಮುಳ್ಳು ಸಾಕು: ಮಣ್ಣು ಕೆದರುವಷ್ಟು ಗಟ್ಟಿ, ತಾಮ್ರಕ್ಕಿಂತ ಮೆತ್ತಗೆ. ಮುಳ್ಳನ್ನು ಚುಚ್ಚಬೇಡಿ, ವಾರೆಯಾಗಿ ಹಿಡಿದು ಅಂಚಿನಿಂದ ಎಬ್ಬಿಸಿ. ಆನೆಯ ಕಾಲ ಸಂದಿಯಲ್ಲಿ ಕೆಂಪು-ಕಂದು ಕಂಡರೆ ಅಲ್ಲಿಗೇ ನಿಲ್ಲಿಸಿ. ಅವಸರಕ್ಕೆ ಬಿದ್ದವರು ಹಾಳು ಮಾಡುವುದು ಇದೇ ಹಂತದಲ್ಲಿ. ಆಮೇಲೆ 5 ನಿಮಿಷ ಅಸಿಟೋನಿನಲ್ಲಿ ಮುಳುಗಿಸಿ ಒಣಗಿಸಿ. ಹತ್ತಿರ ಒಲೆ, ದೀಪ ಇರಬಾರದು.

ಈಗ ಪರೀಕ್ಷೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿ ಇಡಿ, ನಾಣ್ಯಕ್ಕೆ ತಾಗದಂತೆ. 24 ಗಂಟೆ ಬಿಟ್ಟು ನೋಡಿದಾಗ ತಿಳಿಹಸಿರು ಚುಕ್ಕೆ ಎದ್ದಿದ್ದರೆ ರೋಗ ಇನ್ನೂ ಒಳಗಿದೆ. ಮಾಸ್ಕ್ ಹಾಕಿಕೊಂಡು ಪುಡಿಯನ್ನು ಮುಳ್ಳಿನಿಂದ ತೆಗೆದು, 100 ಮಿ.ಲೀ. ಎಥನಾಲಿಗೆ 3 ಗ್ರಾಂ ಬೆಂಜೋಟ್ರಯಜೋಲ್ (ತಾಮ್ರ ಸವೆಯುವುದನ್ನು ತಡೆಯುವ ರಾಸಾಯನಿಕ) ಕರಗಿಸಿ ಅದರಲ್ಲಿ ನಾಣ್ಯವನ್ನು 24 ಗಂಟೆ ಮುಳುಗಿಸಿ. ಎಥನಾಲಿನಲ್ಲೇ ಜಾಲಿಸಿ, ಒಣಗಿದ ಮೇಲೆ 5% ಪ್ಯಾರಲಾಯ್ಡ್ ಬಿ-72 (ಪಾರದರ್ಶಕ ಅಕ್ರಿಲಿಕ್ ಲೇಪ) ತೆಳ್ಳಗೆ ಬಳಿಯಿರಿ. ಬೆಂಜೋಟ್ರಯಜೋಲ್ ವಿಷ. ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಅಡುಗೆ ಪಾತ್ರೆ ಬಳಸಬೇಡಿ. ಅಭ್ಯಾಸವಿಲ್ಲದಿದ್ದರೆ ಒಣಗಿಸಿ ಇಟ್ಟು, ತಿಳಿದವರ ಕೈಗೆ ಕೊಡಿ.

ಬೆಳ್ಳಿ ರೂಪಾಯಿ ಹಾಗೇ ಇರಲಿ. ಆ ಕಪ್ಪು ಸಲ್ಫೈಡ್ ಪದರ, ರೋಗವಲ್ಲ. ಬೂದಿ, ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಮಿನಾರಿನ ಗೆರೆಗಳೇ ಸವೆಯುತ್ತವೆ.

ಕೊಪ್ಪಳ_ಶಾಸನ
ಒಂದು ಮಾತು ಸೇರಿಸ್ತೀನ್ರಿ. ಇವು ಮನೆಯ ಸಂಗ್ರಹ ಅಂದ್ರಿ, ಸರಿ. ಹೊಲ, ಪಾಯ ಅಗಿಯುವಾಗ ಸಿಕ್ಕಿದ್ದಾದ್ರ ತೊಳಿಯೋದಿರಲಿ, ಬಿಡಿಸೋದೂ ಬ್ಯಾಡ. ನಿಧಿಗೆ 1962ರ ರಾಜ್ಯ ಕಾಯ್ದೆ ಐತಿ, ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು. ಒಂದೇ ಗಡಿಗ್ಯಾಗ ಯಾವ ನಾಣ್ಯ ಯಾವುದರ ಜೋಡಿ ಅಂಟಿತ್ತು ಅನ್ನೋದೇ ಕಾಲ ಹೇಳೋ ಸಾಕ್ಷಿ.

ಗಂಗಾವತಿ_ಕಾಸು
ಬಾಳ ಉಪಕಾರ ಆತ್ರಿ. ಆ ನಾಲ್ಕನ್ನ ಉಳಿದವುಗಳ ಜೋಡಿ ಇಡಬಹುದೇನ್ರಿ? ಈಗ ಎಲ್ಲಾ ಮೆತ್ತನೆ ಪ್ಲಾಸ್ಟಿಕ್ ಆಲ್ಬಮ್‌ನಾಗ ಅದಾವ.

ಎರೆಮಣ್ಣು
ಬ್ಯಾರೇನ ಇಡ್ರಿ. ನೆಗಡಿ ಹಂಗ ಹಾರಿ ಅಂಟಂಗಿಲ್ಲ, ಆದ್ರ ಕ್ಲೋರೈಡ್ ಇರೋ ಪುಡಿ ಉದುರಿ ಪಕ್ಕದ್ದಕ್ಕ ಕೂತ್ರ ತ್ರಾಸ. ಆಲ್ಬಮ್ ಮೊದಲು ಬಿಡಿಸ್ರಿ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಆಮ್ಲ ಬಿಡತೈತಿ, ನಾಣ್ಯಕ್ಕ ಹಸಿರು ಜಿಗಟು ಹತ್ತತೈತಿ. ಪಾಲಿಯೆಸ್ಟರ್ ಕಿಟಕಿ ಇರೋ ರಟ್ಟಿನ ಹೋಲ್ಡರ್ ತರಿಸ್ರಿ. ಬಿಗಿ ಡಬ್ಬಿ, ಅದರಾಗ ತೇವ ಹೀರೋ ಸಿಲಿಕಾ ಜೆಲ್, ತೇವ ಅಳೆಯೋ ಸಣ್ಣ ಹೈಗ್ರೋಮೀಟರ್. ತೇವ 40% ಒಳಗ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದ್ರ 120 ಡಿಗ್ರಿ ಓವನ್‌ನಾಗ ಕಾಸಿ ಮತ್ತ ಹಾಕ್ರಿ. ಜೂನ್‌ನಿಂದ ಅಕ್ಟೋಬರ್ ತನಕ ವಾರಕ್ಕೊಮ್ಮೆ ಡಬ್ಬಿ ನೋಡ್ರಿ.